ಭಾವನ ಕಿವಿ, ನನ್ನ ಬೀನ್ಸ್

ನಮ್ಮ ಭಾವನಿಗೆ ಇಡೀ ಭಾಷೆಯಲ್ಲಿ ಒಂದೇ ಒಂದು ಶಬ್ದ ಕಂಡರೆ ಆಗುತ್ತಿರಲಿಲ್ಲ. ಯಾವುದೋ ಬೈಗುಳ ಅಂದುಕೊಂಡಿರಾ? ಬೈಗುಳವನ್ನು ಅವರು ತುಪ್ಪದ ಹಾಗೆ ಧಾರಾಳವಾಗಿ ಬಡಿಸುತ್ತಿದ್ದರು! ಅವರಿಗೆ ಆಗದ ಶಬ್ದ 'ಲಾಯ್ಕುಂಟು'. ಚೆನ್ನಾಗಿದೆ ಎನ್ನುವುದಕ್ಕೆ ನಮ್ಮ ಉಡುಪಿ ಕಡೆಯ ಮಾತು. ಸೀರೆ ಲಾಯ್ಕುಂಟು, ಮಗು ಲಾಯ್ಕುಂಟು, ಸಾರು ಲಾಯ್ಕುಂಟು. ಊರೆಲ್ಲ ಖುಷಿಪಡುವ ಈ ಮಾತು ಕಿವಿಗೆ ಬಿದ್ದರೆ ಭಾವನ ಮುಖ ಹಾಗಲಕಾಯಿ ಕಚ್ಚಿದ ಹಾಗಾಗುತ್ತಿತ್ತು.

"ಲಾಯ್ಕುಂಟು ಅಂದ್ರೆ ಎಂತ ಅರ್ಥ ಗೊತ್ತುಂಟಾ ನಿಂಗೆ? ನೀನು ಮಾಡಿದ್ದನ್ನು ನಾನು ಸರಿಯಾಗಿ ನೋಡ್ಲಿಲ್ಲ, ಇನ್ನು ನನ್ನ ತಲೆ ತಿನ್ಬೇಡ, ಹೋಗು ಅಂತ!"

ಇಂಥ ಮನುಷ್ಯನಿಗೆ ನಾನು ಒಮ್ಮೆ ಆ ಶಬ್ದವನ್ನೇ ಹೇಳಿಬಿಟ್ಟಿದ್ದೇನೆ. ಅವರು ತೀರಿಕೊಂಡು ಎರಡು ತಿಂಗಳಾಯಿತು. ಆ ಮಾತನ್ನು ಹಿಂದೆ ತೆಗೆದುಕೊಂಡು, ಅದರ ಜಾಗದಲ್ಲಿ ಸರಿಯಾದ ಅಭಿಪ್ರಾಯ ಇಡಬೇಕು. ಅದಕ್ಕೇ ಬರೆಯಲು ಕೂತಿದ್ದೇನೆ. ಆದರೆ ಭಾವ ಎಂಥವರು ಎಂದು ತಿಳಿಯದೆ ಅದನ್ನು ಕೇಳಿದರೆ ನಿಮಗೆ ತಲೆಬುಡ ಗೊತ್ತಾಗಲಿಕ್ಕಿಲ್ಲ.

ಭಾವ ಅಂದರೆ ನನ್ನ ಗಂಡನ ಅಣ್ಣ. ಮದುವೆಯಾಗಲಿಲ್ಲ, ಯಾವ ಹೆಣ್ಣಿಗೂ ಲಾಯ್ಕುಂಟು ಅನ್ನಲಿಲ್ಲವಲ್ಲ, ಹೇಗೆ ಆದೀತು? ಕೋಲ್ಕತ್ತದ ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಸಣ್ಣ ಹೋಟೆಲು. ಮದುವೆ, ಗೃಹಪ್ರವೇಶಗಳಿಗೆ ಅಡುಗೆಯನ್ನೂ ಮಾಡಿಕೊಡುತ್ತೇವೆ. ಹೊರಗಿನ ಓಡಾಟ ನನ್ನ ಗಂಡನದು, ಒಲೆ ಭಾವನದು, ತರಕಾರಿ ಖಾತೆ ನನ್ನದು. ಮೆಟ್ಟುಕತ್ತಿ ಅಂದರೆ ಈಳಿಗೆಮಣೆ, ಅದರ ಮುಂದೆ ಕೂತರೆ ನಾನು ಏಳುವುದು ಬುಟ್ಟಿ ಖಾಲಿಯಾದ ಮೇಲೆಯೇ. ಬಂಗಾಳಿ ಹೆಂಗಸರದ್ದೂ ಅಂಥದೇ ಕತ್ತಿ. ಅವರು ಅದರಲ್ಲಿ ಮೀನು ಹೆಚ್ಚುತ್ತಾರೆ, ನಾನು ಬೀನ್ಸ್ ಹೆಚ್ಚುತ್ತೇನೆ.

ಭಾವ ರುಚಿ ನೋಡುವ ಕ್ರಮವೇ ಬೇರೆ. ಅಂಗೈಗೆ ಒಂದು ಹನಿ ಸಾಂಬಾರು ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ ನಿಲ್ಲುವರು. ಆಮೇಲೆ ಮೂರೇ ಮಾತು. ಯಾವುದು ಸರಿಯಾಗಿ ಕೂತಿದೆಯೋ ಅದು ಮೊದಲು: "ಅದನ್ನು ಮುಟ್ಬೇಡ." ಬದಲಿಸಬೇಕಾದ್ದು ಆಮೇಲೆ, ಅದೂ ಒಂದೇ ಒಂದು. ಕೊನೆಗೆ ಪ್ರಶ್ನೆ: "ಇದು ಯಾರಿಗೆ ಬಡಿಸ್ಲಿಕ್ಕೆ?" ಮದುವೆ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯುತ್ತ ಜನ ಹೊಗಳುತ್ತಿದ್ದರೆ ಭಾವ ಅತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಎದ್ದು ಹೋದವರ ಬಾಳೆಎಲೆಗಳ ಸಾಲಿನ ಉದ್ದಕ್ಕೂ ನಡೆಯುವರು, ಪೊಲೀಸರು ಕಳ್ಳತನವಾದ ಮನೆ ನೋಡುವ ಹಾಗೆ!

"ಕೈ ತೊಳೆಯುವವರ ಮಾತು ಕಟ್ಕೊಂಡು ಎಂತ ಮಾಡುದು ಮಾರಾಯ್ತಿ? ಮೂರನೇ ಸಾಲಿನಲ್ಲಿ ಹನ್ನೊಂದು ಎಲೆಯಲ್ಲಿ ಪಲ್ಯ ಉಳಿದಿದೆ. ಅದನ್ನು ನೋಡು."

ಇಷ್ಟೇ ಆಗಿದ್ದರೆ ಅವರೊಬ್ಬ ಕಿರಿಕಿರಿಯ ಅಡುಗೆಯವರು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅರವತ್ತೆರಡನೆಯ ವಯಸ್ಸಿನಲ್ಲಿ ಭಾವ ಸಂಗೀತಕ್ಕೆ ಕೈ ಹಾಕಿದರು.

ನಮ್ಮ ಹೋಟೆಲಿನ ಮಹಡಿಯಲ್ಲಿ ಧಾರವಾಡದ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವಳು. ಒಂದು ಮಧ್ಯಾಹ್ನ ಮೇಲಿನಿಂದ ಡಬ್ ಡಬ್ ಎಂದು ಶುರುವಾಯಿತು. ಪಾತ್ರೆಯಲ್ಲಿದ್ದ ದೋಸೆ ಹಿಟ್ಟಿನ ಮೇಲೆ ಅಲೆ ಎದ್ದಿತು! ಭಾವ ಸೌಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು. ಕೆಳಗೆ ನಾವು ಉಸಿರು ಬಿಗಿಹಿಡಿದು ಕೂತೆವು. ಡಬ್ ಡಬ್ ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು. ಒಂದು ಗಂಟೆ ಕಳೆದು ಭಾವ ಇಳಿದು ಬಂದರು.

"ಬೈದ್ರಾ ಭಾವ?"

"ಬೈಲಿಕ್ಕೆ ಎಂತ ಉಂಟು? ಅದು ಅವಳೇ ಲ್ಯಾಪ್‌ಟಾಪಿನಲ್ಲಿ ಮಾಡಿದ್ದಂತೆ. ಆ ಬಡಿತ ಎಂಟು ಸಲ ಬರ್ತದೆ. ಏಳು ಸಾಕು. ಏಳಕ್ಕೆ ನಿಲ್ಲಿಸಿದ್ರೆ ಎಂಟನೆಯದ್ದನ್ನು ಕೇಳುವವರೇ ಹಾಕ್ಕೊಳ್ತಾರೆ."

ಮರುದಿನ ಬೆಳಿಗ್ಗೆ ಇಡ್ಲಿಗೆ ಇಳಿದ ಹುಡುಗಿಯ ಕಣ್ಣು ಅರಳಿತ್ತು. "ಕಾಕಾ, ಏಳಕ್ಕ ನಿಲ್ಲಿಸಿ ಕೇಳಿದ್ನಿರಿ. ಮೈ ಜುಮ್ ಅಂತು! ನಿಮಗ ಹೆಂಗ ಗೊತ್ತಾತ್ರಿ?"

"ಪಾಯಸಕ್ಕೆ ಏಲಕ್ಕಿ ಹಾಕುವವನಿಗೆ ಗೊತ್ತಿರ್ತದೆ," ಎಂದರು ಭಾವ, ಜಗತ್ತಿನಲ್ಲಿ ಅದಕ್ಕಿಂತ ಸಹಜವಾದ್ದು ಇಲ್ಲವೆಂಬಂತೆ.

ಆಕೆ ಅವರನ್ನು ಫೋನಿನಲ್ಲಿ ಒಂದು ಗುಂಪಿಗೆ ಸೇರಿಸಿದಳು. ಆಫೀಸು, ಮನೆಗೆಲಸದ ನಡುವೆ ಹವ್ಯಾಸಕ್ಕೆಂದು ಸಂಗೀತ ಕಟ್ಟುವವರ ಗುಂಪು ಅದು. ಹಾಡಿಲ್ಲ, ಮಾತಿಲ್ಲ, ಬರೀ ವಾದ್ಯ, ಇಲ್ಲವೇ ಕಂಪ್ಯೂಟರಿನಲ್ಲಿ ಹುಟ್ಟಿಸಿದ ನಾದ. ತಾವು ಮಾಡಿದ್ದನ್ನು ಹಾಕಿ, ಹೇಗಿದೆ ಹೇಳಿ ಎಂದು ಕೇಳುತ್ತಾರೆ. ಉಳಿದವರು ಹೆಬ್ಬೆರಳಿನ ಚಿತ್ರ, ಬೆಂಕಿಯ ಚಿತ್ರ ಒತ್ತಿ ಮುಂದೆ ಹೋಗುತ್ತಾರೆ. ಅದನ್ನು ಕಂಡು ಭಾವ ಕಂಗಾಲಾದರು. "ಇದೆಂತದು! ಪಾಪ, ಅಷ್ಟು ದಿನ ಕೂತು ಮಾಡಿದ್ದಕ್ಕೆ ಇವರೆಲ್ಲ ಸೇರಿ ಬೆಂಕಿ ಹಚ್ತಿದ್ದಾರಲ್ಲ!"

ಅಂದಿನಿಂದ ಬೆಂಕಿ ಆರಿಸುವ ಕೆಲಸ ಭಾವನದಾಯಿತು. ಅವರು ಕನ್ನಡದಲ್ಲಿ ಹೇಳುವುದು, ನನ್ನ ಮಗಳು ಅದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸುವುದು. ಅವಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ರೈಲು ಬದಲಿಸುತ್ತಾಳೆ. "ದೊಡ್ಡಪ್ಪ, ಉಪ್ಪು ಜಾಸ್ತಿ ಅಂತ ಲಿಟರಲಿ ಬರೀಲಾ? ದೇ ವಿಲ್ ಲಾಫ್!" "ನಗ್ಲಿ. ನಗುವವ ಆಮೇಲೆ ಉಪ್ಪು ಕಡಿಮೆ ಮಾಡ್ತಾನೆ." ನಿಜವಾಗಿಯೂ ಕಡಿಮೆ ಮಾಡುತ್ತಿದ್ದರು! ಕೆಲವೇ ತಿಂಗಳಲ್ಲಿ ಭಾವನಿಗೆ ಆ ಗುಂಪಿನಲ್ಲಿ 'ಸಾಂಬಾರ್ ದಾದು', ಅಂದರೆ ಸಾಂಬಾರಿನ ಅಜ್ಜ, ಎಂಬ ಹೆಸರು ಬಿತ್ತು. ಬಿರುದು ಬಂದ ವಿದ್ವಾಂಸರ ಹಾಗೆ ಅವರು ಒಂದು ವಾರ ಎದೆ ಮುಂದೆ ಮಾಡಿಕೊಂಡು ತಿರುಗಿದರು.

ವಿಮಾನ ನಿಲ್ದಾಣದ ಪಕ್ಕದ ಡಮ್ ಡಮ್‌ನಲ್ಲಿ ಟ್ಯೂಷನ್ ಹೇಳುವ ಮೇಷ್ಟ್ರೊಬ್ಬರು ಕೀಬೋರ್ಡಿನ ಜೊತೆ ಕೊಳಲು ನುಡಿಸಿ ಹನ್ನೊಂದು ನಿಮಿಷದ ಒಂದು ತುಣುಕು ಹಾಕಿದ್ದರು. ಹನ್ನೊಂದರಲ್ಲಿ ಒಂಬತ್ತು ನಿಮಿಷ ಬರೀ ಪೀಠಿಕೆ! ಭಾವನ ನಿಯಮದ ಪ್ರಕಾರ ಸರಿಯಾಗಿ ಕೂತದ್ದನ್ನು ಮೊದಲು ಹೇಳಬೇಕಲ್ಲ? ಅದು ಸಿಗಲಿಲ್ಲ. ಸಿಗದೆ ಉತ್ತರ ಕಳಿಸುವಂತಿಲ್ಲ. ಎರಡು ದಿನ ಆ ಕೊಳಲನ್ನು ಕೇಳಿದರು. ನಾವೂ ಕೇಳಿದೆವು. ಗಿರಾಕಿಗಳೂ ಕೇಳಿದರು. ಮೂರನೆಯ ದಿನ ಭಾವ ಸೌಟು ಎತ್ತಿ ಕೂಗಿದರು: "ಸಿಕ್ಕಿತು!"

ಉತ್ತರ ಹೀಗೆ ಹೋಯಿತು: "ಆರನೇ ನಿಮಿಷದಲ್ಲಿ ನಿಮ್ಮ ಮನೆಯ ಮೇಲೆ ವಿಮಾನ ಹೋದದ್ದು ಬಹಳ ಸರಿಯಾದ ಜಾಗದಲ್ಲಿ ಹೋಗಿದೆ. ಅದನ್ನು ಮುಟ್ಟಬೇಡಿ. ಮದುವೆಗೆ ಬಂದವರನ್ನು ಬಾಗಿಲಲ್ಲೇ ಇಷ್ಟು ಹೊತ್ತು ನಿಲ್ಲಿಸಬೇಡಿ. ಇದು ಯಾರಿಗೆ ಬಡಿಸಲಿಕ್ಕೆ?"

ಮೇಷ್ಟ್ರು ಸಿಟ್ಟಾಗಿ ಗುಂಪು ಬಿಟ್ಟುಹೋದರು. ತಿಂಗಳ ಮೇಲೆ ತಾವೇ ಮರಳಿ ಬಂದರು, ನಾಲ್ಕು ನಿಮಿಷದ ತುಣುಕಿನೊಂದಿಗೆ. ಮೊದಲ ಅರ್ಧ ನಿಮಿಷದಲ್ಲಿಯೇ ವಿಮಾನ!

ಇದೆಲ್ಲ ನಡೆಯುವಾಗ ನನಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಅದು ಗೊತ್ತಾದದ್ದು ಗಾರ್ಡನ್ ರೀಚ್‌ನಿಂದ ಒಬ್ಬ ವೆಲ್ಡರ್ ಬಂದಾಗ. ಹಡಗು ಕಟ್ಟುವ ಕಡೆ ಕೆಲಸ, ತೋಳು ನನ್ನ ರುಬ್ಬುಗುಂಡಿನಷ್ಟು ದಪ್ಪ. ಕಬ್ಬಿಣ ಉಜ್ಜುವ, ಬಡಿಯುವ, ಕೊರೆಯುವ ಶಬ್ದಗಳನ್ನು ಫೋನಿನಲ್ಲಿ ಹಿಡಿದು ಅದರಿಂದ ತಾಳ ಕಟ್ಟುವವ. ಬಂದವನೇ ಎರಡು ಮಸಾಲೆ ದೋಸೆಯನ್ನು ಸಿಟ್ಟಿನಿಂದ ತಿಂದ. ಮೂರನೆಯದಕ್ಕೆ ಹೇಳಿ, ಹಿಂದಿಯಲ್ಲಿ ಗುಡುಗಿದ: "ಈ ಬೀನ್ಸ್‌ವಾಲಿ ಯಾರು?"

ಅಡುಗೆಮನೆಯಲ್ಲಿ ಬುಟ್ಟಿ ಮುಂದಿಟ್ಟುಕೊಂಡವಳು ನಾನೊಬ್ಬಳೇ. ಭಾವ ಗಡಿಬಿಡಿಯಿಂದ ಒಲೆ ಒರೆಸತೊಡಗಿದರು. ಮಗಳು ಸೀರಿಯಲ್ಲಿನ ಗುಟ್ಟು ಬಿಟ್ಟುಕೊಡುವವಳ ಹಾಗೆ ಎಲ್ಲ ಹೇಳಿದಳು. ಸಂಗೀತಕ್ಕೆ ಎಲೆ ಇಲ್ಲವಲ್ಲ, ಏನು ಉಳಿಯಿತು ಎಂದು ನೋಡುವುದೆಲ್ಲಿ? ಅದಕ್ಕೆ ಭಾವ ನನ್ನನ್ನೇ ಎಲೆ ಮಾಡಿಕೊಂಡಿದ್ದರು! ನಾನು ಬೀನ್ಸ್ ಹೆಚ್ಚುವಾಗ ಹೊಸ ತುಣುಕನ್ನು ಹಾಕಿ, ಪೇಪರಿನ ಮರೆಯಿಂದ ನನ್ನ ಕೈ ನೋಡುತ್ತಿದ್ದರು. ಕೈ ಒಂದೇ ಸಮ ಓಡಿದರೆ ತುಣುಕು ಸಪ್ಪೆ. ಓಟ ಜೋರಾದರೆ ನನಗೆ ಕಿರಿಕಿರಿ. ಕೈ ತಾನಾಗಿ ನಿಂತರೆ, ಅದಕ್ಕಿಂತ ದೊಡ್ಡ ಮರ್ಯಾದೆ ಯಾವ ಸಂಗೀತಗಾರನಿಗೂ ಇಲ್ಲ. ಮೂರು ವರ್ಷದಿಂದ ನಾನು ಕಾಣದ ಜನ ನನ್ನ ಬೀನ್ಸಿನ ಲೆಕ್ಕ ಕೇಳುತ್ತಿದ್ದರು!

ವೆಲ್ಡರನಿಗೆ ಹೋದ ಉತ್ತರದಲ್ಲಿ "ಎರಡನೇ ನಿಮಿಷಕ್ಕೆ ನನ್ನ ತಮ್ಮನ ಹೆಂಡತಿಯ ಕೈ ಜೋರಾಯಿತು, ಉಜ್ಜುವ ಶಬ್ದವನ್ನು ಮೊದಲೇ ಸುರಿದಿದ್ದೀಯ, ಹಿಂಗು ಕೊನೆಗೆ ಹಾಕುವುದು" ಎಂದಿತ್ತಂತೆ. "ನನ್ನ ಕಣ್ಣೆದುರು ಹೆಚ್ಚಲಿ, ನೋಡುತ್ತೇನೆ," ಎಂದ ಅವನು. ಹೆಚ್ಚಲು ಕೂತೆ. ಕೈಯೇ ಓಡಲಿಲ್ಲ, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗಾಯಿತು. ಭಾವ ತಲೆ ಚಚ್ಚಿಕೊಂಡರು. "ಆಯ್ತು, ಇವಳಿಗೆ ಗೊತ್ತಾಗಿಹೋಯ್ತು! ಇನ್ನು ಇವಳು ಎಲೆ ಆಗ್ಲಿಕ್ಕಿಲ್ಲ!"

ನಾನು ಮರೆಯುವ ತನಕ ಅವರು ಹದಿನೈದು ದಿನ ಕಾದರು. ಒಂದು ಬೆಳಿಗ್ಗೆ ಯಾವುದೋ ಶಬ್ದ ಕಿವಿಗೆ ಬಿದ್ದು, ನಾನು ಕತ್ತಿಯ ಮುಂದೆ ಬಾಯಿ ತೆರೆದು ಕೂತಿದ್ದೆ. ಮೂಲೆಯ ಮೇಜಿನಿಂದ ಚಪ್ಪಾಳೆ ಕೇಳಿತು. ವೆಲ್ಡರ್! ಹಿಂಗನ್ನು ಕೊನೆಗೆ ಹಾಕಿಕೊಂಡು ಬಂದಿದ್ದ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕಳೆದ ಚಳಿಗಾಲದಲ್ಲಿ ಭಾವ ದಿನಾ ಮಧ್ಯಾಹ್ನ ಕಾಫಿ ಹಿಡಿದು ಮಹಡಿಗೆ ಹೋಗತೊಡಗಿದರು. ಹುಡುಗಿಯ ಸಂಗೀತ ತಿದ್ದಲು ಎಂದುಕೊಂಡೆ. ಒಂದು ದಿನ ಗೃಹಪ್ರವೇಶಕ್ಕೆ ಇನ್ನೂರು ಜನರ ಅಡುಗೆಯಿತ್ತು. ನನ್ನ ಸುತ್ತ ಕುಂಬಳಕಾಯಿಯ ಕೋಟೆ. ಫೋನು ಟಿಣ್ ಎಂದಿತು. ಭಾವ ಏನೋ ಕಳಿಸಿದ್ದರು, ಕೆಳಗೆ ಎರಡು ಮಾತು: "ಕೇಳಿ ಹೇಳು." ಇನ್ಯಾರದೋ ತುಣುಕು ಅಂದುಕೊಂಡೆ. ಕೈ ಸೆರಗಿಗೆ ಒರೆಸಿ, ಕೇಳದೆಯೇ ಒತ್ತಿದೆ: "ಲಾಯ್ಕುಂಟು ಭಾವ."

ತುಣುಕು ಮೂರು ನಿಮಿಷದ್ದು. ನನ್ನ ಉತ್ತರ ಹೋದದ್ದು ಅರ್ಧ ನಿಮಿಷಕ್ಕೆ. ಅದೇ ಅಡುಗೆಮನೆಯ ಆಚೆ ತುದಿಯಲ್ಲಿ ಭಾವ ಫೋನು ನೋಡಿದರು. ಜೇಬಿಗೆ ಹಾಕಿಕೊಂಡರು. "ಬೆಲ್ಲ ಎಲ್ಲಿಟ್ಟಿದ್ದೀ?" ಎಂದರು. ಅಷ್ಟೇ. ಒಂದು ಬೈಗುಳ ಬಂದಿದ್ದರೂ ನನಗೆ ಗೊತ್ತಾಗುತ್ತಿತ್ತು.

ಒಂಬತ್ತು ದಿನ ಕಳೆದು, ಮಧ್ಯಾಹ್ನದ ಊಟ ಬಡಿಸಿ ಮುಗಿಸಿ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಹೃದಯ, ಎಂದರು ಡಾಕ್ಟರು.

ಹದಿಮೂರನೆಯ ದಿನದ ಊಟವಾದ ಮೇಲೆ ಧಾರವಾಡದ ಹುಡುಗಿ ನನ್ನ ಹತ್ತಿರ ಬಂದು ಕೂತಳು. "ಅಕ್ಕಾರ, ಕಾಕಾ ಮಾಡಿದ್ದು ಕೇಳಿದ್ರಿಲ್ಲ? ಎರಡು ತಿಂಗಳು ಕೂತು ಕಲ್ತು ಮಾಡಿದ್ರು. ಗುಂಪಿಗೆ ಬ್ಯಾಡ, ಅಕಿಗೆ ಒಬ್ಬಾಕಿಗೇ ಅಂದ್ರು. ಏನ್ ಹೇಳಿದ್ರಿ ನೀವು?"

ನಾನು ಎದ್ದು ಎಂಜಲೆಲೆ ಎತ್ತಲು ಹೋದೆ.

ಆಮೇಲೂ ಎಷ್ಟೋ ದಿನ ಅದನ್ನು ತೆರೆಯುವ ಧೈರ್ಯವಾಗಲಿಲ್ಲ. ಇವತ್ತು ಬೆಳಿಗ್ಗೆ ಮೆಟ್ಟುಕತ್ತಿ ಇಟ್ಟು, ಅರ್ಧ ಕಿಲೋ ಬೀನ್ಸ್ ಹಾಕಿಕೊಂಡು ಕೂತೆ. ಮಗಳ ಕೈಗೆ ಪೇಪರು ಕೊಟ್ಟು ಎದುರು ಕೂರಿಸಿದೆ. "ಅಮ್ಮ, ನಿಂಗೆ ಗೊತ್ತಿದ್ರೆ ಇದು ವರ್ಕ್ ಆಗೋದಿಲ್ಲಲ್ವಾ?" ಎಂದಳು. "ನೀನು ಸುಮ್ಮನೆ ನೋಡು," ಎಂದು ಒತ್ತಿದೆ.

ಮೊದಲು ನಮ್ಮ ಗ್ರೈಂಡರ್, ದೂರದಲ್ಲಿ ಗುನುಗುವ ಹಾಗೆ. ಅದರಡಿಯಲ್ಲಿ ಸ್ಟೇಷನ್ನಿಗೆ ಬರುವ ಲೋಕಲ್ ರೈಲು. ಅದರ ಮೇಲೆ ಒಂದು ಸಣ್ಣ ತಾಳ: ಕಚ್, ಕಚ್, ಕಚ್. ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಅದು ನನ್ನ ಬೀನ್ಸ್. ಪೇಪರಿನ ಮರೆಯಲ್ಲಿ ಕೂತು ಅವರು ನೋಡುವುದು ಮಾತ್ರವಲ್ಲ, ಹಿಡಿದಿಡುತ್ತಲೂ ಇದ್ದರು. ನನ್ನ ಕೈಯೂ ಅದರ ಜೊತೆಗೇ ಓಡಿತು. ಐದು, ಆರು, ಏಳು. ಆಮೇಲೆ ತಾಳ ನಿಂತಿತು. ಎಂಟನೆಯದು ಬರಲಿಲ್ಲ.

ಈಗ ಅಭಿಪ್ರಾಯ.

ಭಾವ, ಲಾಯ್ಕುಂಟು ಎಂದದ್ದನ್ನು ಹಿಂದೆ ತೆಗೆದುಕೊಂಡಿದ್ದೇನೆ. ಏಳಕ್ಕೆ ನಿಲ್ಲಿಸಿದ್ದು ಸರಿಯಾಗಿ ಕೂತಿದೆ, ಅದನ್ನು ಮುಟ್ಟಬೇಡಿ. ಬದಲಿಸಬೇಕಾದ್ದು ಒಂದೇ. ಎರಡನೇ ನಿಮಿಷದಲ್ಲಿ ನೀವು ಕೆಮ್ಮಿದ್ದೀರಿ, ಆಮೇಲೆ ಅದನ್ನು ಅಳಿಸಲು ಹೋಗಿದ್ದೀರಿ. ಅರ್ಧ ಕೆಮ್ಮು ಉಳಿದಿದೆ. ಮೇಷ್ಟ್ರ ವಿಮಾನವನ್ನು ಉಳಿಸಿದವರು ನಿಮ್ಮ ಕೆಮ್ಮನ್ನು ಪೂರ್ತಿ ಬಿಡಬೇಕಿತ್ತು. ಇದು ಯಾರಿಗೆ ಬಡಿಸಲಿಕ್ಕೆ ಎಂದು ನಾನು ಕೇಳುವುದಿಲ್ಲ, ಗೊತ್ತಾಯಿತು.

ಇನ್ನು ಬೀನ್ಸ್. ಮಗಳು ಎಣಿಸಿ ಹೇಳಿದ್ದಾಳೆ: ಏಳು ತುಂಡು. ಉಳಿದದ್ದೆಲ್ಲ ಬುಟ್ಟಿಯಲ್ಲಿ ಹಾಗೆಯೇ ಇದೆ.