ಹಾಲುತೊಂಡೆಗೆ ಮೇಷ್ಟ್ರ ಕುಕ್ಕರು

"ಚಪ್ಪಲಿ ಆಚೆ ಬಿಡಿ! ಕಾಲು ತೊಳ್ಕೊಳ್ಳಿ! ಆ ಕುಕ್ಕರ್‌ಗೂ ನೀರು ಹಾಕಿ!"

ರೇಷ್ಮೆ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು ಚೌಡಮ್ಮ ಗದರಿದಳು. ಪಕ್ಕದ ಮನೆಯ ಅಜೀಜ್ ಪಾಷಾ, ನಿವೃತ್ತ ಜೀವಶಾಸ್ತ್ರದ ಮೇಷ್ಟ್ರು, ಕುಕ್ಕರಿಗೆ ಮಿಕ್ಸಿ ಮೋಟಾರು ಬಿಗಿದ ತಮ್ಮ ಹೊಸ ಯಂತ್ರವನ್ನು ಎದೆಗವಚಿಕೊಂಡೇ ಕಾಲು ತೊಳೆದರು. ಬೇರೆ ಯಾರನ್ನೂ ಅವಳು ಒಳಗೆ ಬಿಡುತ್ತಿರಲಿಲ್ಲ. ಆದರೆ ಹುಳುಗಳಿಗೆ ಹಾಲುತೊಂಡೆ ರೋಗ ತಗುಲಿತ್ತು. ಮೈ ಊದಿ, ಹಾಲಿನಂಥ ರಸ ಸುರಿಸಿ ಸಾಯುತ್ತಿದ್ದವು. ಹೀಗೇ ಬಿಟ್ಟರೆ ಇಡೀ ಬೆಳೆ ತಿಪ್ಪೆಗೆ!

"ಈ ವೈರಸ್ಸು ನೇರ ಜೀವಕೋಶದ ನ್ಯೂಕ್ಲಿಯಸ್ಸಿಗೇ ನುಗ್ಗುತ್ತೆ ಚೌಡಮ್ಮ. ಅಲ್ಲಿ ಪುಟ್ಟ ಪುಟ್ಟ ಚುಕ್ಕೆಗಳಿವೆ, ಕಾವಲುಗಾರರು! ಹೊರಗಿಂದ ಬಂದವರನ್ನು ಸುತ್ತುಗಟ್ಟಿ ಅಮುಕಿಬಿಡ್ತವೆ. ಕಿಲಾಡಿ ವೈರಸ್ಸು ಮೊದಲು ಅವನ್ನೇ ಚೆದುರಿಸುತ್ತೆ. ನನ್ನ ಯಂತ್ರ ಮತ್ತೆ ಒಟ್ಟುಗೂಡಿಸುತ್ತೆ!"

"ಅಂದ್ರೆ ಅವೂ ನನ್ ಹಂಗೇ ಬಾಗ್ಲು ಕಾಯೋವಾ?"

"ಹೌದು. ಆದರೆ ಇಷ್ಟು ಗದರಲ್ಲ."

ಕುಕ್ಕರು ಮೂರು ಸಲ ಕೂಗಿತು. ಮೂರನೇ ದಿನಕ್ಕೆ ಹುಳುಗಳು ತಲೆಯೆತ್ತಿ, ಎಷ್ಟು ಸೊಪ್ಪು ಹಾಕಿದರೂ ಸಾಲದೆಂಬಂತೆ ಮೇಯತೊಡಗಿದವು. ಚೌಡಮ್ಮನ ಕಣ್ಣು ತುಂಬಿ ಬಂತು. "ಎಂಥಾ ತಲೆ ಮೇಷ್ಟ್ರೇ ನಿಮ್ದು!"

ತಲೆಯೇನೋ ದೊಡ್ಡದೇ. ಆದರೆ ಕಾವಲಿನ ಹುಚ್ಚು ನ್ಯೂಕ್ಲಿಯಸ್ಸಿನಿಂದ ಇಡೀ ಹುಳುವಿಗೇ ಏರಿಬಿಟ್ಟಿತ್ತು! ಹಣ್ಣಾದ ಹುಳುಗಳನ್ನು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಒಂದೂ ತನ್ನ ಗೂಡು ಕಟ್ಟಲಿಲ್ಲ. ಒಳಗೆ ಇಣುಕಿದ ಹಲ್ಲಿಯನ್ನು ಹತ್ತೇ ನಿಮಿಷದಲ್ಲಿ ರೇಷ್ಮೆಯಲ್ಲಿ ಸುತ್ತಿ ಗೋಡೆಗೆ ತೂಗುಹಾಕಿದವು. ಆಮೇಲೆ ಒಂದು ಇಲಿ. ಆಮೇಲೆ ಕುಕ್ಕರು!

"ಗೂಡೇ ಇಲ್ದಿದ್ರೆ ನಾನೇನ್ ಮಾರ್ಲಿ ಮೇಷ್ಟ್ರೇ? ಹಲ್ಲೀನಾ?"

"ಯಂತ್ರ ತಿರುಗುಮುರುಗು ಓಡಿಸಿದರೆ ಸರಿಹೋಗುತ್ತೆ," ಎನ್ನುತ್ತಾ ಮೇಷ್ಟ್ರು ಒಳಗೆ ನುಗ್ಗಿದರು. ನಲವತ್ತು ಸಾವಿರ ಹುಳುಗಳು ಒಟ್ಟಿಗೇ ಅವರತ್ತ ತಲೆ ತಿರುಗಿಸಿದವು.

ಚೌಡಮ್ಮ ಸೊಪ್ಪಿನ ಕುಕ್ಕೆ ಇಳಿಸಿ ಬರುವಷ್ಟರಲ್ಲಿ ಹುಳುಮನೆಯ ನಡುವೆ ಆಳೆತ್ತರದ ಹೊಂಬಣ್ಣದ ಗೂಡು ನಿಂತಿತ್ತು! ಒಳಗಿನಿಂದ ದನಿ ಬಂತು: "ಚೌಡಮ್ಮಾ, ಪ್ರಯೋಗ ಯಶಸ್ವಿ!"

"ಕತ್ತರಿ ತನ್ನಿ," ಎಂದರು ಮೇಷ್ಟ್ರು.

"ಕತ್ತರಿಸಿದ್ರೆ ರೇಷ್ಮೆ ಹಾಳು! ತೆಪ್ಪಗೆ ಕೂತ್ಕೊಳ್ಳಿ!"

ಅಂಗಳದಲ್ಲಿ ಅವರನ್ನು ಗೂಡಿನ ಸಮೇತ ತಿರುಗುವ ಸ್ಟೂಲಿನ ಮೇಲೆ ಕೂರಿಸಿ, ಉಗುರುಬೆಚ್ಚನೆಯ ನೀರು ಹುಯ್ದು, ಎಳೆಯ ತುದಿ ಹುಡುಕಿ ಅವಳು ರಾಟೆ ತಿರುವಿದಳು. ಮೇಷ್ಟ್ರು ಗಿರಗಿರನೆ ತಿರುಗಿದರು. ಮುಖ ಇತ್ತ ಬಂದಾಗಲೆಲ್ಲ ನ್ಯೂಕ್ಲಿಯಸ್ಸಿನ ಬಗ್ಗೆ ಒಂದೊಂದು ಮಾತು ಹೇಳಿದರು. ಅವಳು ಭಕ್ತಿಯಿಂದ ಹೂಂಗುಟ್ಟಿದಳು.

ಸಂಜೆಗೆ ಮೇಷ್ಟ್ರು ಹೊರಬಂದರು. ರಾಟೆಯ ಮೇಲೆ ಎಲ್ಲೂ ಕಡಿಯದ ಒಂದೇ ಎಳೆಯ ರೇಷ್ಮೆ. ಇಪ್ಪತ್ತು ವರ್ಷದಲ್ಲಿ ಚೌಡಮ್ಮ ಅಂಥ ಹೊಳಪು ಕಂಡಿರಲಿಲ್ಲ. ಅವಳು ಮನಸಾರೆ ಕೈಮುಗಿದಳು.

"ಮುಂದಿನ ಬೆಳೆಗೂ ನೀವೇ ಬರ್ಬೇಕು ಮೇಷ್ಟ್ರೇ," ಎಂದು ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಒಸಿ ಮೈ ಬೆಳೆಸ್ಕೊಂಡು ಬನ್ನಿ."