ಮಲಗುವವರ ಲೆಕ್ಕ

ನಮ್ಮ ಸೋದರಮಾವನನ್ನು ಮನೆಗೆ ಕರೆಯುವ ಧೈರ್ಯ ಅರಸೀಕೆರೆಯಲ್ಲಿ ಯಾರಿಗೂ ಇರಲಿಲ್ಲ. ಹಾಗೆಂದು ಅವರು ಕೆಟ್ಟವರೇನಲ್ಲ, ಹೈಸ್ಕೂಲಿನ ಗಣಿತದ ಮೇಷ್ಟ್ರು. ಆದರೆ ನೀವು ಒಳಗೆ ಹೋಗಿ ಕಾಫಿ ತರುವಷ್ಟರಲ್ಲಿ ನಿಮ್ಮ ನಡುಮನೆಯನ್ನು ಟೇಪಿನಿಂದ ಅಳೆದು, "ಇಲ್ಲಿ ಎಷ್ಟು ಜನ ಮಲಗ್ತೀರಿ?" ಎಂದು ಕೇಳುತ್ತಿದ್ದರು. ಮರ್ಯಾದಸ್ಥರ ಮನೆಯಲ್ಲಿ ಕೇಳುವ ಪ್ರಶ್ನೆಯೇ ಇದು?

ಈ ಹುಚ್ಚು ಹಿಡಿದದ್ದು ಎಂಬತ್ತರ ದಶಕದ ಆರಂಭದಲ್ಲಿ ಜನಗಣತಿಯ ಕೆಲಸಕ್ಕೆ ಹಾಕಿದಾಗ. ಸರ್ಕಾರದ ಗಣತಿ ಮುಗಿಯಿತು, ಮಾವನದು ಮುಗಿಯಲಿಲ್ಲ. ಬಾಣಾವರಕ್ಕೆ ಹೆಣ್ಣು ನೋಡಲು ಹೋದಾಗಲೂ ಉಪ್ಪಿಟ್ಟಿನ ತಟ್ಟೆ ಬದಿಗಿಟ್ಟು ಟೇಪು ಬಿಚ್ಚಿದರು! ಮನೆಯನ್ನೇ ಬರೆಸಿಕೊಳ್ಳಲು ಬಂದ ವರ ಎಂದುಕೊಂಡು ಹುಡುಗಿಯ ತಂದೆ ಮುಖ ಗಂಟಿಕ್ಕಿದರು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು: "ರಾಗಿ ಕಣಜದ ಜಾಗ ಕಳೀರಿ. ಅದರ ಮೇಲೆ ಯಾರೂ ಮಲಗಲ್ಲ."

ಮಾವ ಮುಖವನ್ನೂ ನೋಡದೆ ಒಪ್ಪಿಬಿಟ್ಟರು. ಆ ಹುಡುಗಿಯೇ ನಮ್ಮ ಅತ್ತೆ.

ನಾನು ಕಾಲೇಜು ಓದಲು ಅವರ ಮನೆಯಲ್ಲಿದ್ದಾಗ, ರೈಲು ಹಳಿಯಾಚೆ ಬಡವರಿಗೆ ನಿವೇಶನ ಹಂಚುವ ಸುದ್ದಿ ಬಂತು. ಅರ್ಜಿ ಹಾಕಿದವರು ಬಹಳ, ನಿವೇಶನ ಕಡಿಮೆ. ಚೀಟಿ ಎತ್ತಿ ಹಂಚೋಣವೆಂದು ನಿವೇಶನ ಹಂಚಿಕೆಯ ಸಮಿತಿಯವರು ತೀರ್ಮಾನಿಸಿದರು. "ಚೀಟಿಗೇನು ಕಣ್ಣಿದೆಯಾ?" ಎನ್ನುತ್ತ ಮಾವ ಅರ್ಜಿದಾರರ ಮನೆಮನೆಗೆ ಹೊರಟರು.

ಕೊಬ್ಬರಿ ಮಂಡಿಯ ಹಿಂದಿನ ಓಣಿಯಲ್ಲಿ ಕಾಯಿ ಸುಲಿಯುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದರಂತೆ: "ಎಷ್ಟು ಜನ ಮಲಗ್ತೀರಮ್ಮ?"

"ಮಲಗೋರು ಆರು ಜನ ಸಾಮಿ. ಕುಂತ್ಕಂಡು ನಿದ್ದೆ ಮಾಡೋರು ಒಬ್ರು, ನಮ್ಮನೆಯವ್ರ ಅವ್ವ. ಕಾಲು ಚಾಚಕ್ಕೆ ಜಾಗ ಎಲ್ಲೈತೆ?"

ಮಾವನ ಹಾಳೆಯಲ್ಲಿ ಕುಳಿತು ನಿದ್ರಿಸುವವರಿಗೆ ಕಾಲಂ ಇರಲಿಲ್ಲ. ಅಲ್ಲೇ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ ಗೆರೆ ಎಳೆದರು. ಆ ದಿನ ಮನೆಗೆ ಬಂದ ಮಾವ ಊಟಕ್ಕೇ ಏಳಲಿಲ್ಲ.

ಆಮೇಲೆ ಗಂಡ ಹೆಂಡತಿ ಸೇರಿ ಹಾಳೆಗಳನ್ನು ಅಂಟಿಸಿ, ಹಳೆಯ ಅಳತೆಗಳನ್ನೂ ಸೇರಿಸಿ ಇಡೀ ಊರಿನ ನಕ್ಷೆ ಬರೆದರು. ಒಂದು ಮನೆಗೆ ಒಂದು ಚೌಕ, ಒಬ್ಬ ಮನುಷ್ಯನಿಗೆ ಒಂದು ಕೆಂಪು ಚುಕ್ಕೆ. ನಕ್ಷೆ ನಡುಮನೆಯ ತುಂಬ ಹರಡಿಕೊಂಡು ನಮಗೇ ಮಲಗಲು ಜಾಗವಿಲ್ಲದಾಯಿತು. "ನಮ್ಮನ್ನೂ ಕುಂತ್ಕೊಳ್ಳೋರ ಕಾಲಂಗೆ ಸೇರಿಸ್ಕೊಳ್ಳಿ" ಎಂದರು ಅತ್ತೆ.

ಸಮಿತಿಯ ಮೇಜಿನ ಮೇಲೆ ನಕ್ಷೆ ಬಿಚ್ಚಿದಾಗ ಅಧ್ಯಕ್ಷರು, "ಏನ್ ಮೇಷ್ಟ್ರೇ, ಇಲ್ಲಿ ಮಸಿ ಚೆಲ್ಬಿಟ್ಟಿದೀರಲ್ಲ" ಎಂದರು.

"ಚೆಲ್ಲಿಲ್ಲ ಸಾರ್. ಕೊಬ್ಬರಿ ಮಂಡಿ ಹಿಂದೆ ಅಷ್ಟು ಜನ ಇದಾರೆ."

ಅಧ್ಯಕ್ಷರ ಬೆರಳು ಬೀದಿ ಬೀದಿ ಸುತ್ತಿ ಒಂದು ದೊಡ್ಡ ಚೌಕದ ಮೇಲೆ ನಿಂತಿತು. ಒಳಗೆ ಎರಡೇ ಚುಕ್ಕೆ. "ಇದ್ಯಾರಪ್ಪ ಪುಣ್ಯವಂತ?"

"ತಾವೇ ಸಾರ್."

ಅಧ್ಯಕ್ಷರು ಆ ಚೌಕದಿಂದ ಬೆರಳು ತೆಗೆದರು. ಆಮೇಲೆ ಚೀಟಿಯ ಡಬ್ಬವನ್ನು ಪಕ್ಕಕ್ಕೆ ಸರಿಸಿ, "ಮೇಷ್ಟ್ರ ಚುಕ್ಕೆ ನೋಡ್ಕೊಂಡೇ ಕೊಡೋಣ" ಎಂದರು.

ಮರುವರ್ಷ ಕಾಯಿ ಸುಲಿಯುವ ಆ ಹೆಂಗಸಿನ ಗೃಹಪ್ರವೇಶಕ್ಕೆ ನಾವು ಮೂವರೂ ಹೋದೆವು. ಹೆಂಚಿನ ಮನೆ, ಒಂದು ಕೋಣೆ, ಒಂದು ಪಡಸಾಲೆ. ಮಟಮಟ ಮಧ್ಯಾಹ್ನ. ಪಡಸಾಲೆಯ ನಟ್ಟನಡುವೆ, ನೆಂಟರ ಗದ್ದಲದಲ್ಲೇ, ಅವಳ ಅತ್ತೆ ಹೊಸ ಚಾಪೆಯ ಮೇಲೆ ಎರಡೂ ಕಾಲು ನೀಳವಾಗಿ ಚಾಚಿಕೊಂಡು ನಿದ್ದೆ ಹೋಗಿದ್ದಳು. ಎಲೆ ಹಾಕಬೇಕೆಂದು ಯಾರೋ ಎಬ್ಬಿಸಲು ಬಗ್ಗಿದರು. ಮಾವ ಅವರ ಕೈ ಹಿಡಿದುಕೊಂಡರು.

ಊಟ ಹೊರಗೆ ಚಪ್ಪರದಡಿ ನಡೆಯಿತು. ಕೊನೆಯ ಪಂಕ್ತಿ ಏಳುವವರೆಗೂ ಮಾವ ಹೊಸ್ತಿಲ ಬಳಿ ಕುಳಿತು, ಒಳಗೆ ಹೋಗುವವರಿಗೆಲ್ಲ ಮೆಲ್ಲಗೆ ಹೇಳುತ್ತಿದ್ದರು: "ಸ್ವಲ್ಪ ತಡೀರಿ. ಅಜ್ಜಿ ಮಲಗಿದಾರೆ."