ಸೊಂಟದ ಪ್ಯಾಕಿಂಗ್ ಮತ್ತು ಬೆಳ್ಳಿ ಉಡದಾರ

ನಾನು ಯಾರ ತಂಟೆಗೂ ಹೋಗೂದಿಲ್ಲ. ಸಿಟ್ಟು ಬರಿಸೂವಂಥವು ತಾವ ನನ್ನ ಹುಡುಕ್ಕೊಂಡು ಬರತಾವ. ಈ ಸಲ ಸಿಕಂದರಾಬಾದಿನ ಆಸ್ಪತ್ರಿಯಾಗ ಸಿಕ್ಕುವು.

೧. ಎರಡು ಬೆರಳ ಅಳತಿ

ಬಲತೊಡಿ ಭಾಳ ಉರೀತಿತ್ತು. ಡಾಕ್ಟರು ಅಂದ್ರು, "ಯಜಮಾನ್ರ, ಸೊಂಟದ ಕೀಲಿನಾಗ ಎಲುಬಿನ ನಡುವ ಮೆತ್ತನ್ನ ಪದರ ಇರತೈತಿ. ಎಂಆರ್‌ಐ ಮಾಡಿ ಅದರ ದಪ್ಪ ಅಳೀಬೇಕು. ಸವದಿದ್ರ ಕೀಲು ಬದಲಿ."

ನನ್ನ ಕೀಲು ಬದಲಿ ಮಾಡಾಂವ ಇವನ್ಯಾರು? ಸಾಲಿ ಮೆಟ್ಟಿಲು ಹತ್ತಿಲ್ಲ ಖರೆ, ಆದ್ರ ಜೀಡಿಮೆಟ್ಲಾದ ಕಾರ್ಖಾನಿಯಾಗ ನಲವತ್ತು ವರ್ಷ ಪಂಪ್ ಫಿಟ್ಟರ್ ನಾನು. ಪಂಪಿನ ಎರಡು ಭಾಗದ ನಡುವ ಸೋರದಂಗ ಹಾಕೂ ಪ್ಯಾಕಿಂಗ್ ಎರಡು ಬೆರಳಾಗ ಹಿಡಿದು ದಪ್ಪ ಹೇಳತಿದ್ದೆ. ಅದನ್ನ ನೋಡಿ ಒಬ್ಬ ಜರ್ಮನಿ ಇಂಜಿನಿಯರ್ ತನ್ನ ಅಳತಿ ಸಾಮಾನು ನನ್ನ ಕಾಲ ಹತ್ರ ಇಟ್ಟು ಹೋದ.

"ಕೀಲು ಬಿಚ್ಚಿ ಕೈಯಾಗ ಕೊಡ್ರಿ, ನಾನ ಹೇಳತೀನಿ," ಅಂದೆ.

"ಬಿಚ್ಚಬಾರದು ಅಂತನ ಅಳಿಯಾಕತ್ತೀವ್ರಿ," ಅಂದ್ರು.

೨. ಕೊಂಡಿ

ಮಷೀನಿನ ಹುಡುಗಿ, "ತಾತಾ, ಮೈಮ್ಯಾಲಿನ ಲೋಹ ಎಲ್ಲಾ ತಗೀರಿ," ಅಂದಳು. ಉಂಗುರ, ಗಡಿಯಾರ ತಗದೆ. ಬೆಳ್ಳಿ ಉಡದಾರ ಉಳೀತು, ಮದುವಿಯಾಗ ಮಾವ ಹಾಕಿದ್ದು.

"ಪ್ರಾಣ ಹೋದ ಮ್ಯಾಲೆ ತಗಿಯೂ ವಸ್ತು ಇದು. ನಾನಿನ್ನೂ ಹೋಗಿಲ್ಲ."

ಮನಿಯಾಕಿ ಬಾಗಲದಾಗ ನಿಂತು, "ಹೊಟ್ಟಿ ಅದರ ಮ್ಯಾಲೆ ಬಂದು ಕುಂತು ಹತ್ತು ವರ್ಷ ಆತು. ಅದು ಐತೋ ಇಲ್ಲೋ ನೀವ ನೋಡಿಲ್ಲ. ತಗೀರಿ," ಅಂದಳು.

ಕೊಂಡಿ ಬಿಚ್ಚಲಿಲ್ಲ. ಆಸ್ಪತ್ರಿ ಎಲೆಕ್ಟ್ರಿಷಿಯನ್ ಪಕ್ಕಡ ತಂದು ಕತ್ತರಿಸಿದ. ಮಾವನ ಆ ಬೆಳ್ಳಿಯನ್ನ ಹುಡುಗಿ ನನ್ನ ಹಲ್ಲಿನ ಸೆಟ್ಟಿನ ಜೋಡಿ ಒಂದ ಡಬ್ಬಿಯಾಗ ಇಟ್ಟಳು.

೩. ಬೇರಿಂಗ್

ಮಷೀನಿನೊಳಗ ಮಲಗಿದ್ದ ತಡ, ಟಕ ಟಕ ಟಕ. ಇಂಥ ಸಪ್ಪಳ ಕೇಳಿ ಫಿಟ್ಟರ್ ಸುಮ್ಮನಿರತಾನೇನು? "ಬಂದ್ ಮಾಡ್ರಿ, ಬೇರಿಂಗ್ ಹೋಗೈತಿ," ಅಂತ ಒದರಿದೆ.

ಹುಡುಗಿ ಮೈಕಿನಾಗ ಅಂದಳು: "ಮಷೀನು ಸರಿ ಐತಿ ತಾತಾ. ಹೋಗೈತೇನು ಅಂತ ನೋಡಾಕತ್ತಿದ್ದು ನಿಮ್ಮದು."

೪. ಗೇಣು

ಎರಡು ದಿನ ಬಿಟ್ಟು ಡಾಕ್ಟರು ಪರದೆ ಮ್ಯಾಲೆ ಗೆರಿ ಎಳದು ಅಳದ್ರು. ನಾನು ರೇಗಿದೆ. "ಒಂದ ಕಡೆ ಅಳದ್ರ ಹೆಂಗ್ರಿ? ಪ್ಯಾಕಿಂಗ್ ನಾಕೂ ಕಡೆ ಅಳೀಬೇಕು."

ನಾಕೂ ಕಡೆ ಅಳದ್ರು. "ಚಲೋ ಐತಿ. ಕೀಲು ಬದಲಿ ಬ್ಯಾಡ. ಉರಿ ಹೆಂಗೈತ್ರಿ?"

"ಉಡದಾರ ಕತ್ತರಿಸಿದಾಗಿಂದ ಇಳದೈತ್ರಿ," ಅಂದಳು ಮನಿಯಾಕಿ, ನನ್ನ ಕೇಳಿದ್ದಕ್ಕ ತಾನ ಮುಂದಾಗಿ.

ಡಾಕ್ಟರು ನಕ್ಕರು. ಬಿಗಿ ಉಡದಾರ ತೊಡಿಗೆ ಹೋಗೂ ನರ ಒತ್ತಿತ್ತಂತ.

ಮನಿಗೆ ಬಂದ ಮ್ಯಾಲೆ ಮನಿಯಾಕಿ ಆ ಉಡದಾರ ನನ್ನ ಸೊಂಟಕ್ಕ, ಈ ಸಲ ಹೊಟ್ಟಿ ಮ್ಯಾಲಿಂದ, ಸುತ್ತಿದಳು. ತುದಿಗೆ ತುದಿ ಮುಟ್ಟಲಿಲ್ಲ.

"ಚಳಿಗೆ ಬೆಳ್ಳಿ ಕುಗ್ಗತೈತಿ. ಫಿಟ್ಟರಿಗೆ ಗೊತ್ತಿರತೈತಿ," ಅಂದೆ.

ಆಕಿ ನಡುವಿನ ಜಾಗದಾಗ ಕೈ ಅಗಲಿಸಿ ಇಟ್ಟು ಅಂದಳು: "ಮಿಲಿಮೀಟರು ಅಳಿಯಾಕ ಅಷ್ಟು ದೊಡ್ಡ ಮಷೀನು ಬೇಕಾತು. ಈ ಗೇಣು ನನ್ನ ಕೇಳಿದ್ರ ನಾನ ಹೇಳತಿದ್ದೆ."